ಘಟಿಕೋತ್ಸವ: ವೇದಿಕೆ ಯಾರದು?

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ, ಅದರ ಮೊದಲ ಘಟಿಕೋತ್ಸವ ನಡೆದದ್ದು 1918ರಲ್ಲಿ. ಕುಲಾಧಿಪತಿಯಾಗಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್; ಭಾಷಣ ಮಾಡಿದವರು ಕಲ್ಕತ್ತೆಯಿಂದ ಬಂದ ಸರ್ ಆಶುತೋಷ್ ಮುಖರ್ಜಿ. ಆಮೇಲೆ ನಾಡಿನಲ್ಲಿ ಹತ್ತಾರು ವಿಶ್ವವಿದ್ಯಾಲಯಗಳು ಎದ್ದವು. ಅರಸರ ಜಾಗಕ್ಕೆ ರಾಜ್ಯಪಾಲರು ಬಂದರು. ಆದರೆ ದರ್ಬಾರಿನ ಗತ್ತು ಮಾತ್ರ ಕರಗಲಿಲ್ಲ.

ಘಟಿಕೋತ್ಸವಕ್ಕೆ ಹೋದವರಿಗೆ ಅದರ ಕ್ರಮ ಗೊತ್ತು. ವಾದ್ಯ ಮೊಳಗುತ್ತದೆ, ಎಲ್ಲರೂ ಎದ್ದು ನಿಲ್ಲುತ್ತಾರೆ. ಕುಲಸಚಿವರು, ಸಿಂಡಿಕೇಟ್ ಸದಸ್ಯರು, ಡೀನ್‌ಗಳು, ಕುಲಪತಿ, ಸಮಕುಲಾಧಿಪತಿಯಾದ ಸಚಿವರು, ಕುಲಾಧಿಪತಿಯಾದ ರಾಜ್ಯಪಾಲರು ಮೆರವಣಿಗೆಯಲ್ಲಿ ಬಂದು ವೇದಿಕೆ ತುಂಬುತ್ತಾರೆ. ಗೌರವ ಡಾಕ್ಟರೇಟ್, ಪಿಎಚ್.ಡಿ., ಚಿನ್ನದ ಪದಕ, ಅತಿಥಿಯ ಭಾಷಣ, ರಾಷ್ಟ್ರಗೀತೆಯೊಂದಿಗೆ ಮುಕ್ತಾಯ. ಉಳಿದವರಿಗೆ? ಡೀನ್ ತಮ್ಮ ನಿಕಾಯದ ಅಭ್ಯರ್ಥಿಗಳನ್ನು ಒಟ್ಟಾಗಿ ಮಂಡಿಸುತ್ತಾರೆ, ಒಂದೇ ಮಾತಿನಲ್ಲಿ ಸಾವಿರಾರು ಜನ ಪದವೀಧರರಾಗುತ್ತಾರೆ. ಅವರಲ್ಲಿ ಬಹುಪಾಲು ಮಂದಿ ಆ ಸಭಾಂಗಣದಲ್ಲೇ ಇರುವುದಿಲ್ಲ. ಶುಲ್ಕ ಕಟ್ಟಿ, ಗೈರುಹಾಜರಿಯಲ್ಲಿ ಪದವಿ ಪಡೆದು, ಕಾಲೇಜಿನ ಕಚೇರಿಯ ಕಿಟಕಿಯಲ್ಲಿ ಸಹಿ ಹಾಕಿ ಪ್ರಮಾಣಪತ್ರ ಒಯ್ಯುತ್ತಾರೆ.

ಈ ಕೊರತೆಯ ಬಗ್ಗೆ ನಮ್ಮಲ್ಲಿ ಚರ್ಚೆ ಕಡಿಮೆ. ಗೌನಿನ ಬಗ್ಗೆ ಬೇಕಾದಷ್ಟಿದೆ. 2010ರಲ್ಲಿ ಭೋಪಾಲದ ಘಟಿಕೋತ್ಸವವೊಂದರಲ್ಲಿ ಆಗಿನ ಕೇಂದ್ರ ಸಚಿವ ಜೈರಾಮ್ ರಮೇಶ್ ಗೌನನ್ನು ವಸಾಹತುಶಾಹಿಯ ಪಳೆಯುಳಿಕೆ ಎಂದು ಜರೆದು ಕಳಚಿಟ್ಟರು. 2019ರಲ್ಲಿ ಯುಜಿಸಿ ಕೈಮಗ್ಗದ ಬಟ್ಟೆ ಬಳಸಲು ಸೂಚಿಸಿತು. 2024ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೂ ತನ್ನ ಸಂಸ್ಥೆಗಳಿಗೆ ಕಪ್ಪು ಗೌನು, ಟೋಪಿ ಬಿಡಲು ಹೇಳಿತು. ಒಳ್ಳೆಯದೇ. ನಮ್ಮ ಸೆಕೆಗೆ ಕಪ್ಪು ಗೌನು ಹೊಂದುವ ಉಡುಪಲ್ಲ. ಆದರೆ ಗೌನಿನ ಜಾಗಕ್ಕೆ ಶಲ್ಯ, ಟೋಪಿಯ ಜಾಗಕ್ಕೆ ಪೇಟ ಬಂದ ಮಾತ್ರಕ್ಕೆ ಹಿಂದಿನ ಸಾಲಿನ ಹುಡುಗಿ ಮುಂದಕ್ಕೆ ಬರುವುದಿಲ್ಲ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಘಟಿಕೋತ್ಸವವನ್ನು ನುಡಿಹಬ್ಬವಾಗಿಸಿತು, ಗೌರವ ಪದವಿಗೆ ನಾಡೋಜ ಎಂದು ಹೆಸರಿಟ್ಟಿತು. ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಸಪ್ತಪರ್ಣಿಯ ಎಲೆ ಕೊಡುವ ಸಂಪ್ರದಾಯವಿದೆ. ಆಚರಣೆಗೆ ನೆಲದ ಗುಣ ತರಬಹುದೆಂಬುದಕ್ಕೆ ಇವು ಸಾಕ್ಷಿ. ನೂರಾರು ಕಾಲೇಜುಗಳನ್ನು ಕಟ್ಟಿಕೊಂಡ ದೊಡ್ಡ ವಿಶ್ವವಿದ್ಯಾಲಯಗಳ ಸಮಸ್ಯೆ ಮಾತ್ರ ಅಷ್ಟಕ್ಕೇ ತೀರುವಂಥದ್ದಲ್ಲ.

ಭಾಷಣದ ವಿಷಯದಲ್ಲಿ ನಾವು ಇಳಿದಿದ್ದೇವೆ. ಕುವೆಂಪು ಅವರ ‘ವಿಚಾರಕ್ರಾಂತಿಗೆ ಆಹ್ವಾನ’ ಘಟಿಕೋತ್ಸವ ಭಾಷಣವಾಗಿಯೇ ನಾಡನ್ನು ಕಲಕಿತು, ಇಂದಿಗೂ ಓದಿಸಿಕೊಳ್ಳುತ್ತದೆ. ಈಗಿನ ಹಲವು ಭಾಷಣಗಳು ಸಾಧನೆಗಳ ಪಟ್ಟಿ ಓದಿ, ಯುವಜನತೆಗೆ ನಾಲ್ಕು ಬುದ್ಧಿಮಾತು ಹೇಳಿ ಮುಗಿಯುತ್ತವೆ. ಊಟದ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಇನ್ನು ವಿಳಂಬದ ಮಾತು. ವಿದ್ಯಾರ್ಥಿ ಅರ್ಹನಾದ 180 ದಿನಗಳೊಳಗೆ ಪದವಿ ನೀಡಬೇಕೆಂದು ಯುಜಿಸಿಯ 2008ರ ನಿಯಮ ಹೇಳುತ್ತದೆ. ಗಣ್ಯರ ದಿನಾಂಕಕ್ಕೆ ಕಾಯುತ್ತಾ ಕೂತರೆ, ನೌಕರಿಗೋ ಹೊರದೇಶದ ಓದಿಗೋ ಪ್ರಮಾಣಪತ್ರ ಬೇಕಾದವರು ತಾತ್ಕಾಲಿಕ ಪತ್ರ ಹಿಡಿದು ಅಲೆಯಬೇಕಾಗುತ್ತದೆ.

ಹಾಗಾದರೆ ಈ ಉತ್ಸವವೇ ಬೇಡವೇ? ಬೇಕು. ಮರುದಿನದ ಪತ್ರಿಕೆ ನೋಡಿ: ಎದ್ದು ಕಾಣುವುದು ಅತಿಥಿಯ ಭಾಷಣವಲ್ಲ, ಕೊರಳ ತುಂಬ ಪದಕ ಹಾಕಿಕೊಂಡ ಕೂಲಿಕಾರರ ಮಗಳು, ಪಕ್ಕದಲ್ಲಿ ಅವಳ ತಾಯಿ. ಮನೆತನದಲ್ಲೇ ಮೊದಲ ಪದವೀಧರೆಯನ್ನು ಊರ ಮುಂದೆ ನಿಲ್ಲಿಸಿ ಗೌರವಿಸುವ ಸಂದರ್ಭ ನಮ್ಮಲ್ಲಿ ಬೇರೆ ಇಲ್ಲ. ಪದವಿ ಪತ್ರವೇನೋ ಈಗ ಡಿಜಿಲಾಕರ್ ಮೂಲಕ ಮೊಬೈಲಿಗೇ ಬರುತ್ತದೆ. ಅದು ಕೊಡಲಾಗದ್ದು ಈ ಗೌರವವೊಂದೇ. ಆ ಗೌರವ ಪದಕ ಗೆದ್ದ ಕೆಲವರಿಗಷ್ಟೇ ದಕ್ಕಿದರೆ ಉತ್ಸವ ಅರ್ಧ ಸೋತಂತೆ.

ವಿಶ್ವವಿದ್ಯಾಲಯಗಳು ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ಕೇಂದ್ರ ಸಮಾರಂಭವನ್ನು ಚಿಕ್ಕದು ಮಾಡಲಿ. ಕಾಲೇಜು ಕಾಲೇಜಿನಲ್ಲಿ ಪದವಿ ಪ್ರದಾನ ನಡೆಸಿ ಪ್ರತಿಯೊಬ್ಬರ ಹೆಸರನ್ನೂ ಕೂಗಲಿ. ಮುಂದಿನ ಸಾಲುಗಳನ್ನು ತಂದೆತಾಯಂದಿರಿಗೆ ಬಿಡಲಿ. ಗಣ್ಯರು ಬರಲಾಗದಿದ್ದರೆ ಪಾಠ ಹೇಳಿದ ಮೇಷ್ಟರೇ ಪದವಿ ಕೊಡಲಿ.