ಎರಡು ತಲೆಯ ಹಕ್ಕಿಯನ್ನು ನೋಡುವ ಬಗೆ

ಅಂಕಪಟ್ಟಿಯ ನೆತ್ತಿಯಲ್ಲಿ ಅಚ್ಚಾದ ಲಾಂಛನದ ಮೇಲೆ ಯಾರ ಕಣ್ಣೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಲಾಂಛನಕ್ಕೆ ಮಾತ್ರ ಹತ್ತು ನಿಮಿಷ ಕೊಡಿ. ಅದರಲ್ಲಿ ಕನ್ನಡ ನಾಡಿನ ಹಲವು ಶತಮಾನಗಳು ಸೇರಿಕೊಂಡಿವೆ.

ಮೊದಲು ನಡುವಿನ ಗಂಡಭೇರುಂಡವನ್ನು ನೋಡಿ. 1916ರಲ್ಲಿ ಈ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದ ನಾಲ್ವಡಿ ಕೃಷ್ಣರಾಜ ಒಡೆಯರ ರಾಜಲಾಂಛನದಲ್ಲಿದ್ದದ್ದೂ ಇದೇ ಹಕ್ಕಿ. ಹಾಗೆಂದು ಇದನ್ನು ಬರೀ ಅರಮನೆಯ ಗುರುತು ಎಂದುಕೊಂಡರೆ ಅರ್ಧ ಮಾತ್ರ ನೋಡಿದಂತೆ. ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳಲ್ಲಿ ಇದು ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ. ಕೆಳದಿಯ ರಾಮೇಶ್ವರ ದೇವಾಲಯದ ಛಾವಣಿಯಲ್ಲಿದೆ. ಇನ್ನೂ ಹಿಂದಕ್ಕೆ ಹೋದರೆ, ಬಳ್ಳಿಗಾವಿಯ 1047ರ ಭೇರುಂಡ ಕಂಬಕ್ಕೆ ಸೇರಿದ ಶಿಲ್ಪದಲ್ಲಿ ಮನುಷ್ಯನ ಮೈಗೆ ಹಕ್ಕಿಯ ಎರಡು ತಲೆ!

ಈಗ ಅಕ್ಕಪಕ್ಕ ನೋಡಿ. ಸಿಂಹದ ಮೈ, ಆನೆಯ ಸೊಂಡಿಲು: ಇವು ಶರಭಗಳು. ಇಲ್ಲಿ ನಿಧಾನಿಸಬೇಕು. ಉಗ್ರನಾದ ನರಸಿಂಹನನ್ನು ತಣಿಸಲು ಶಿವ ಶರಭನಾದನೆಂದು ಶೈವರ ಕಥೆ. ಆ ಶರಭನನ್ನು ಎದುರಿಸಲು ವಿಷ್ಣು ಗಂಡಭೇರುಂಡನಾದನೆಂದು ವೈಷ್ಣವರ ಮರುಕಥೆ. ಬೇಲೂರಿನ ಚೆನ್ನಕೇಶವ ದೇವಾಲಯದ ಒಂದು ಶಿಲ್ಪದಲ್ಲಿ ಈ ಹಗೆತನ ಸರಪಳಿಯಾಗಿದೆ: ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಕೊನೆಗೆ ಶರಭವನ್ನೇ ಗಂಡಭೇರುಂಡ ಹಿಡಿಯುತ್ತದೆ. ಕಲ್ಲಿನಲ್ಲಿ ಒಂದನ್ನೊಂದು ಹರಿದು ತಿನ್ನುವ ಪ್ರಾಣಿಗಳು ಲಾಂಛನದಲ್ಲಿ ಜೊತೆಗೆ ನಿಂತಿವೆ, ಶರಭಗಳು ಹಕ್ಕಿಗೆ ಕಾವಲಾಗಿವೆ. ಎರಡು ಪಂಥಗಳ ನೆನಪನ್ನು ಒಂದೇ ಚೌಕಟ್ಟಿನಲ್ಲಿ ಕೂಡಿಸಿದ ಈ ಜೋಡಣೆಯೇ ಲಾಂಛನದ ಜೀವ ಎಂದು ನಾನು ನಂಬಿದ್ದೇನೆ. ಎಲ್ಲ ಜಾತಿ ಮತಗಳ ಮಕ್ಕಳು ಓದಲು ಬರುವ ಜಾಗಕ್ಕೆ ಇದಕ್ಕಿಂತ ಒಪ್ಪುವ ಚಿತ್ರ ಸಿಗುವುದು ಕಷ್ಟ.

ಧ್ಯೇಯವಾಕ್ಯಗಳನ್ನು ಕೊನೆಗೆ ಓದಿ. ಜ್ಞಾನಕ್ಕೆ ಸಾಟಿಯಿಲ್ಲ ಎನ್ನುವುದು ಒಂದು, ಸತ್ಯವನ್ನೇ ಎತ್ತಿಹಿಡಿಯುತ್ತೇನೆ ಎನ್ನುವುದು ಇನ್ನೊಂದು. ಚಿತ್ರ ನೋಡಿದ ಮೇಲೆ ಓದಿದರೆ ಎರಡಕ್ಕೂ ತೂಕ ಹೆಚ್ಚು.

ಇಂದಿನ ಕರ್ನಾಟಕ ಸರ್ಕಾರದ ಲಾಂಛನವನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ಗಂಡಭೇರುಂಡ, ಶರಭ ಎರಡೂ ಅಲ್ಲಿವೆ, ಮೇಲೆ ಅಶೋಕನ ಸಿಂಹಗಳು ಸೇರಿವೆ. ಮತ್ತೆ ಬೇಲೂರಿಗೆ ಹೋದಾಗ ಮದನಿಕೆಯರನ್ನು ನೋಡಿ ಹಿಂತಿರುಗಿಬಿಡಬೇಡಿ, ಆ ಸರಪಳಿಯ ಶಿಲ್ಪವನ್ನು ಹುಡುಕಿ ನೋಡಿ.