ಕ್ಯಾಲೆಂಡ್ಲಿ ಯಾರ ಹೊತ್ತು ಉಳಿಸುತ್ತದೆ?

ಒಂದು ಭೇಟಿ ಗೊತ್ತುಮಾಡಲು ಇಮೇಲುಗಳು ಅತ್ತಿಂದಿತ್ತ ಓಡಾಡುವ ಕಿರಿಕಿರಿಯನ್ನು ತಪ್ಪಿಸಲೆಂದೇ ನೈಜೀರಿಯಾ ಮೂಲದ ಟೋಪೆ ಅವೊಟೋನಾ 2013ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಕ್ಯಾಲೆಂಡ್ಲಿ ಎಂಬ ಆನ್‌ಲೈನ್ ಸೇವೆಯನ್ನು ಕಟ್ಟಿದರು. ನಮಗೆ ಬಿಡುವಿರುವ ವೇಳೆಯ ಲಿಂಕ್ ಕಳಿಸಿದರೆ, ಎದುರಿನವರು ತಮಗೆ ಹೊಂದುವ ಹೊತ್ತನ್ನು ಆರಿಸುತ್ತಾರೆ, ಅಷ್ಟೆ.

ಹೊರದೇಶದ ಕ್ಲೈಂಟುಗಳ ಜತೆ ಕೆಲಸ ಮಾಡುವ ಬೆಂಗಳೂರಿನವರಿಗೆ ಇದು ನಿಜವಾದ ಉಪಕಾರ. ಅಮೆರಿಕದ ಗಡಿಯಾರ ಮಾರ್ಚ್ ಎರಡನೇ ಭಾನುವಾರ ಒಂದು ಗಂಟೆ ಮುಂದೆ ಹೋಗುತ್ತದೆ, ಬ್ರಿಟನ್ನಿನದು ಅದೇ ತಿಂಗಳ ಕೊನೆಯ ಭಾನುವಾರ. ನಮ್ಮದು ಅಲುಗುವುದೇ ಇಲ್ಲ. ನ್ಯೂಯಾರ್ಕಿಗೂ ನಮಗೂ ಚಳಿಗಾಲದಲ್ಲಿ ಇರುವ ಹತ್ತೂವರೆ ಗಂಟೆಯ ಅಂತರ ಬೇಸಿಗೆಯಲ್ಲಿ ಒಂಬತ್ತೂವರೆಗೆ ಇಳಿಯುತ್ತದೆ. ಈ ಲೆಕ್ಕದಲ್ಲಿ ಮನುಷ್ಯರು ತಪ್ಪುತ್ತಾರೆ; ಕ್ಯಾಲೆಂಡ್ಲಿ ಅವರವರ ಊರಿನ ಸಮಯವನ್ನೇ ಅವರವರಿಗೆ ತೋರಿಸುತ್ತದೆ.

ಇದೇ ಲಿಂಕನ್ನು ಆಡಿಟರೊಬ್ಬರು ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಗೆ ಕಳಿಸಿದರೆ ನನ್ನ ಮೆಚ್ಚುಗೆ ಅಲ್ಲಿಗೆ ನಿಲ್ಲುತ್ತದೆ. ಏನನ್ನೂ ಬದಲಿಸದೆ ಬಿಟ್ಟರೆ ಅದು ತೋರಿಸುವುದು ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 9ರಿಂದ ಸಂಜೆ 5. ಅಂಗಡಿಯ ಗಲ್ಲಾಪೆಟ್ಟಿಗೆ ಬಿಟ್ಟು ಏಳಲಾಗದ ಹೊತ್ತೇ ಅದು! ವಾಟ್ಸಾಪಿನಲ್ಲೇ ವ್ಯವಹಾರ ಮುಗಿಸುವವರಿಗೆ ಇಮೇಲ್ ಕೇಳುವ ಇಂಗ್ಲಿಷ್ ಫಾರಂ ಬೇರೆ. ತೆರಿಗೆ ಇಲಾಖೆಯ ನೋಟಿಸ್ ಹಿಡಿದು ಗಾಬರಿಯಲ್ಲಿ ಬಂದವರ ಮಾತು ಅರ್ಧ ಗಂಟೆಯ ಸ್ಲಾಟಿನಲ್ಲಿ ಮುಗಿಯುವುದೂ ಇಲ್ಲ. ಇಲ್ಲಿ ಆಡಿಟರ ಹೊತ್ತು ಉಳಿಯಿತು, ಹೊಂದಿಸಿಕೊಳ್ಳುವ ಕೆಲಸ ಮಾತ್ರ ಹಣ ಕೊಡುವವರ ತಲೆಗೆ ಬಂತು. ಇದನ್ನು ಸೌಲಭ್ಯವೆನ್ನಲು ನನಗೆ ಮನಸ್ಸು ಬಾರದು.

ಆದರೂ ಲಿಂಕಿನಲ್ಲಿ ಮೌನವಾಗಿ ಹೊತ್ತು ಆರಿಸುವುದರಲ್ಲಿ ಒಂದು ಸೌಜನ್ಯವಿದೆ. ಪಾಲುದಾರಿಕೆ ಪತ್ರಕ್ಕೆ ಸಹಿ ಹಾಕಬೇಕಾದವರು ಶುಕ್ರವಾರ ಹತ್ತೂವರೆಯಿಂದ ಹನ್ನೆರಡರ ರಾಹುಕಾಲವನ್ನು ಬಿಟ್ಟು ಬೇರೆ ಹೊತ್ತು ಒತ್ತಬಹುದು. ಕಾರಣ ಹೇಳುವ ಸಂಕೋಚವಿಲ್ಲ. ಫೋನಿನಲ್ಲಿ ಎಷ್ಟೋ ಜನ ಇದನ್ನು ಹೇಳಲಾರದೆ ಒಪ್ಪಿಕೊಂಡು, ಆಮೇಲೆ ಬರುವುದೇ ಇಲ್ಲ.

ಹಾಗಾಗಿ ಗುಣವೆಲ್ಲ ಇರುವುದು ಸೆಟ್ಟಿಂಗಿನಲ್ಲಿ. ಎರಡು ಭೇಟಿಗಳ ನಡುವೆ ಕಾಲು ಗಂಟೆ ಬಿಡುವು, ದಿನಕ್ಕೆ ಇಷ್ಟೇ ಭೇಟಿ ಎಂಬ ಮಿತಿ, ಕನಿಷ್ಠ ಒಂದು ದಿನದ ಮುನ್ಸೂಚನೆ: ಈ ಮೂರನ್ನೂ ಖಾಲಿ ಬಿಟ್ಟ ಆಡಿಟರು ರಿಟರ್ನ್ಸ್ ಸಲ್ಲಿಸುವ ಜುಲೈ ತಿಂಗಳಲ್ಲಿ ಊಟಕ್ಕೂ ಏಳಲಾರರು. ಬರಿಯ ಲಿಂಕ್ ಎಸೆಯುವುದಂತೂ ಅಪ್ಪಣೆಯಂತೆ ಕೇಳಿಸುತ್ತದೆ. "ನಿಮಗೆ ಯಾವಾಗ ಅನುಕೂಲ ಅಂತ ತಿಳಿಸಿ ಸಾರ್, ಇಲ್ಲವೇ ಇಲ್ಲೇ ಆರಿಸಿಕೊಳ್ಳಿ" ಎಂದು ಜತೆಗೆ ಬರೆಯಲು ಎಷ್ಟು ಹೊತ್ತು ಬೇಕು?

ಹೊಸಬರಿಗೆ, ದೂರದೇಶದವರಿಗೆ ಲಿಂಕ್ ಇರಲಿ. ಹಳೆಯ ಗಿರಾಕಿಗಳ ಫೋನನ್ನು ಎತ್ತಿಕೊಂಡು, ಅವರು ಹೇಳಿದ ಹೊತ್ತನ್ನು ಕಚೇರಿಯವರೇ ಕ್ಯಾಲೆಂಡ್ಲಿಗೆ ಜೋಡಿಸಿದ ಕ್ಯಾಲೆಂಡರಿಗೆ ಹಾಕಿಬಿಡಬೇಕು. ಆಗ ಆ ಸ್ಲಾಟ್ ಲಿಂಕಿನಲ್ಲಿ ಇನ್ನಾರಿಗೂ ಕಾಣುವುದಿಲ್ಲ.