ಸೆಕೆಯೂರಲ್ಲಿ ಒಂದು ಲಾರ್ಜ್

ಮಂಗಳೂರಿನ ಫಳ್ನೀರಿನಲ್ಲಿ ಒಳ್ಳೆಯ ವಿಸ್ಕಿ ಎಲ್ಲಿ ಸಿಗುತ್ತದೆ ಎಂದು ಈ ವಾರ ಬರೆಯುವುದಾಗಿ ಹೇಳಿದ್ದೆ. ಉತ್ತರ ಚಿಕ್ಕದು: ಬಾಟಲಿ ಬೇಗ ಖಾಲಿಯಾಗುವ ಬಾರಿನಲ್ಲಿ.

ಮಿಲಾಗ್ರಿಸ್ ಇಗರ್ಜಿಯ ಕಡೆಯಿಂದ ಹೈಲ್ಯಾಂಡ್ ಆಸ್ಪತ್ರೆ ದಾಟಿ ಕಂಕನಾಡಿ ಮುಟ್ಟುವ ಈ ರಸ್ತೆಯಾಗಲಿ, ಇಲ್ಲಿಂದ ಆಟೋ ಹಿಡಿದು ಹೋಗುವ ಬಲ್ಮಠವಾಗಲಿ, ಬಾರಿನ ಹೆಸರಿಗಿಂತ ಕೌಂಟರಿನ ಹಿಂದಿನ ಶೆಲ್ಫನ್ನು ನಂಬುವವನು ನಾನು. ಕುಳಿತ ಕೂಡಲೇ ಮೆನು ಕೇಳಬೇಡಿ, ಬಾಟಲಿಗಳ ಮಟ್ಟ ನೋಡಿ. ಮೇಲಿನ ಸಾಲಿನ 18 ವರ್ಷದ ಸ್ಕಾಚ್ ಮುಕ್ಕಾಲು ಖಾಲಿಯಾಗಿ, ಭುಜದ ಮೇಲೆ ಧೂಳು ಹೊತ್ತು ನಿಂತಿದ್ದರೆ ಅದರ ತಂಟೆಗೆ ಹೋಗಬೇಡಿ. ಬಾಟಲಿಯೊಳಗೆ ಗಾಳಿ ಹೆಚ್ಚಿದಷ್ಟೂ ಪರಿಮಳ ಇಳಿಯುತ್ತದೆ, ನಮ್ಮ ಸೆಕೆ ಅದನ್ನು ಇನ್ನಷ್ಟು ಬೇಗ ಇಳಿಸುತ್ತದೆ. ರಾತ್ರಿ ಎಸಿ ಆರಿಸಿದ ಮೇಲೆ ಬೆಳಗಿನವರೆಗೂ ಆ ಬಾಟಲಿ ಬೇಯುತ್ತಿರುತ್ತದೆ. ಅದರ ಕೆಳಗಿನ ಸಾಲಿನಲ್ಲಿ, ವಾರಕ್ಕೊಂದರಂತೆ ಮುಗಿಯುವ ಸಾಧಾರಣ ಬೆಲೆಯ ಮಾಲ್ಟ್ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಹೇಳಿ.

ಇನ್ನು ನೀಟ್ ಪಂಥದವರ ವಿಚಾರ. ನೀರು ಬೆರೆಸಿದರೆ ವಿಸ್ಕಿಗೆ ಅವಮಾನ ಎನ್ನುವವರ ಜೊತೆ ಈ ಅಂಕಣದ ಜಗಳ ಹಳೆಯದು, ಇವತ್ತು ಮುಗಿಸಿಬಿಡುತ್ತೇನೆ. ಅವರು ಹೇಳುವ ‘ಕೋಣೆಯ ತಾಪ’ ಸ್ಕಾಟ್ಲೆಂಡಿನ ಕಲ್ಲುಮನೆಯದು, 15ರಿಂದ 18 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಮಂಗಳೂರಿನ ಕೋಣೆ 33 ಡಿಗ್ರಿ. ಅಷ್ಟು ಬಿಸಿಯಲ್ಲಿ ಗ್ಲಾಸಿನಿಂದ ಮೊದಲು ಏಳುವುದು ಆಲ್ಕೋಹಾಲ್. ಮೂಗು ಉರಿದ ಮೇಲೆ ಮಾಲ್ಟಿನ ಸಿಹಿ, ಮರದ ಘಮ ಯಾವುದೂ ಹತ್ತುವುದಿಲ್ಲ. ಶೇಕಡಾ 50ರ ಅಮೃತ್ ಫ್ಯೂಷನ್‌ ಅನ್ನು ಇಲ್ಲಿ ನೀಟ್ ಕುಡಿಯುವವರು ಅದರ ಅರ್ಧ ರುಚಿಯನ್ನು ಬಿಟ್ಟೇ ಏಳುತ್ತಾರೆ. ಒಂದು ಲಾರ್ಜಿಗೆ, ಅಂದರೆ 60 ಎಂಎಲ್‌ಗೆ, ಒಂದೇ ದೊಡ್ಡ ಐಸ್ ತುಂಡು ಹಾಕಿಸಿ. ಗ್ಲಾಸಿನ ಹೊರಮೈ ಬೆವರತೊಡಗಿದಾಗ ಐಸನ್ನು ಚಮಚದಲ್ಲಿ ತೆಗೆದುಬಿಡಿ. ಆಮೇಲೆ ಎರಡು ಚಮಚ ತಣ್ಣೀರು. ಸೋಡಾ ಬೇಕೆನ್ನುವವರಿಗೂ ನನ್ನ ತಕರಾರಿಲ್ಲ, ಕೋಲಾ ಮಾತ್ರ ಬೇಡ ಮಾರಾಯ್ರೇ.

ಸೆಕೆಯನ್ನು ಇಷ್ಟು ಬೈದ ಮೇಲೆ ಅದರ ಉಪಕಾರವನ್ನೂ ಹೇಳಬೇಕು, ಬಾರಿನ ಮಾತು ಅಲ್ಲಿಗೇ ನಿಂತರೂ ಚಿಂತೆಯಿಲ್ಲ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 1948ರಲ್ಲಿ ಹುಟ್ಟಿದ್ದು. ತನ್ನ ಸಿಂಗಲ್ ಮಾಲ್ಟನ್ನು ಅದು ಮೊದಲು ಬಿಡುಗಡೆ ಮಾಡಿದ್ದು 2004ರಲ್ಲಿ, ಅದೂ ಗ್ಲಾಸ್ಗೋದಲ್ಲಿ, ಸ್ಕಾಚಿನ ಅಂಗಳಕ್ಕೇ ಹೋಗಿ. ನಮ್ಮ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಪೀಟ್ ಹೊಗೆಯ ಬಾರ್ಲಿ ಬೆರೆಸಿದ ಫ್ಯೂಷನ್‌ಗೆ ಜಿಮ್ ಮರ‍್ರೆಯ ‘ವಿಸ್ಕಿ ಬೈಬಲ್’ 2010ರ ಆವೃತ್ತಿಯಲ್ಲಿ ಜಗತ್ತಿನ ಮೂರನೆಯ ಸ್ಥಾನ ಕೊಟ್ಟಿತು. ಮೈಸೂರು ರಸ್ತೆಯ ಕಂಬೀಪುರದ ಗೋದಾಮಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 10ರಿಂದ 12ರಷ್ಟು ಆವಿಯಾಗಿ ಹೋಗುತ್ತದೆ, ಸ್ಕಾಟ್ಲೆಂಡಿನಲ್ಲಿ ಹೋಗುವುದು ಸುಮಾರು 2. ಲೆಕ್ಕ ಹಾಕಿ ನೋಡಿ: 11ರಂತೆ ಹೋದರೆ 12 ವರ್ಷಕ್ಕೆ ಉಳಿಯುವುದು ಕಾಲು ಪೀಪಾಯಿ, 2ರಂತೆ ಹೋದರೆ ಮುಕ್ಕಾಲಿಗೂ ಹೆಚ್ಚು. ಬಿಸಿಯಲ್ಲಿ ಮರದ ಸಾರ ಬೇಗ ಇಳಿಯುವುದರಿಂದ ನಾಲ್ಕೈದು ವರ್ಷಕ್ಕೇ ವಿಸ್ಕಿ ಹದಕ್ಕೆ ಬರುತ್ತದೆ. ಹಾಗಾಗಿ ಲೇಬಲ್ಲಿನಲ್ಲಿ 12, 18 ಹುಡುಕಿ, ಕಾಣದಿದ್ದರೆ ಮೂಗು ಮುರಿಯುವ ಗಿರಾಕಿ ನಮ್ಮ ದೇಶದ ಮಾಲ್ಟನ್ನು ತಪ್ಪು ತಕ್ಕಡಿಯಲ್ಲಿ ತೂಗುತ್ತಿದ್ದಾನೆ.

ಆದರೆ ಬೆಂಗಳೂರಿನದು ಘಟ್ಟದ ಮೇಲಿನ ಒಣ ಗಾಳಿ. ಫಳ್ನೀರಿಗೆ ಹವೆಯಲ್ಲಿ ಹತ್ತಿರದ ನೆಂಟ ಪಾಲ್ ಜಾನ್. ಕಂಪನಿ ಬೆಂಗಳೂರಿನದೇ ಆದರೂ ಮಾಲ್ಟ್ ಇಳಿಸುವುದು ಗೋವಾದ ಕುಂಕಳ್ಳಿಯಲ್ಲಿ, ನಮ್ಮದೇ ಕರಾವಳಿಯಲ್ಲಿ. 2012ರಲ್ಲಿ ಲಂಡನ್ನಿನಲ್ಲಿ ಮೊದಲ ಬಾಟಲಿ ಹೊರಬಂತು. ಒಣ ಗಾಳಿಯಲ್ಲಿ ಪೀಪಾಯಿಯಿಂದ ನೀರು ಹೆಚ್ಚು ಹೋಗುತ್ತದೆ, ತೇವದ ಗಾಳಿಯಲ್ಲಿ ಆಲ್ಕೋಹಾಲ್ ಹೆಚ್ಚು ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹಂಚಿನ ಮೇಲೆ ಸುರಿಯುವ ಮಳೆಯೇ ಆ ಪೀಪಾಯಿಗಳನ್ನೂ ಸಾಕಿದೆ. ಕಡಲ ಹವೆಯಲ್ಲಿ ಬೆಳೆದ ಈ ಮಾಲ್ಟಿನ ದುಂಡಗಿನ ಸಿಹಿ ನನಗೆ ಘಟ್ಟದ ಮೇಲಿನ ಯಾವುದರಲ್ಲೂ ಸಿಕ್ಕಿಲ್ಲ. ಮಂಗಳೂರಿನ ಬಾರುಗಳು ಅದನ್ನು ಸ್ಕಾಚಿನ ಹಿಂದೆ ಅಡಗಿಸದೆ ಮುಂದಿನ ಸಾಲಿನಲ್ಲಿ ಇಡಬೇಕು ಎಂಬುದು ನನ್ನ ಬೇಡಿಕೆ.

ನೆಂಚಿಕೊಳ್ಳಲು ಏನು? ಈಗ ಆಟಿ. ಜೂನ್ 1ರಿಂದ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ, ತಾಜಾ ಮೀನಿಗೆ ಬೆಲೆ ವಿಪರೀತ. ಐಸಿನಲ್ಲಿಟ್ಟ ಅಂಜಲ್ ತರಿಸಿ ಕೊರಗುವುದಕ್ಕಿಂತ ಕೋರಿ ಸುಕ್ಕ ಹೇಳಿ. ತೆಂಗಿನಕಾಯಿಯ ಸಿಹಿಗೆ ಹೊಗೆಯಿಲ್ಲದ ಪಾಲ್ ಜಾನ್ ಬ್ರಿಲಿಯನ್ಸ್ ಚೆನ್ನಾಗಿ ಹೊಂದುತ್ತದೆ. ಘೀ ರೋಸ್ಟ್ ಬಂದರೆ ಬ್ರಿಲಿಯನ್ಸ್ ಸೋಲುತ್ತದೆ, ಬ್ಯಾಡಗಿ ಮೆಣಸಿಗೂ ತುಪ್ಪಕ್ಕೂ ಎದುರು ನಿಲ್ಲಲು ಪೀಟ್ ಇರುವ ಬೋಲ್ಡ್ ಬೇಕು. ಆಗಸ್ಟಿನಲ್ಲಿ ಬೋಟುಗಳು ಮರಳಿ ಬೊಳೆಂಜಿರ್ ಬಂದ ಮೇಲೆ, ರವೆ ಹಚ್ಚದೆ ಬರೀ ಮಸಾಲೆಯಲ್ಲಿ ಗರಿಗರಿಯಾಗಿ ಕಾಯಿಸಿ ಕೊಡುವ ಅಡುಗೆಯವನಿರುವ ಬಾರನ್ನು ಗುರುತು ಮಾಡಿಟ್ಟುಕೊಳ್ಳಿ. ಅಲ್ಲಿ ಫ್ಯೂಷನ್ ಹೇಳಿ, ಎರಡು ಚಮಚ ತಣ್ಣೀರಿನ ಜೊತೆ.